ಪ್ರಶ್ನೆ ಕೇಳಿದ ಮೇಲೆ ಸುಮ್ಮನಿರಬೇಕು

ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿ ಕಡೆಯ ಹಿರಿಯ ಕನ್ನಡಿಗರ ಸಂದರ್ಶನಗಳನ್ನು ವೀಡಿಯೋದಲ್ಲಿ ದಾಖಲಿಸಿಡಬೇಕೆಂದು ನಮ್ಮ ಸಾಹಿತ್ಯ ಬಳಗದ ಸಭೆಯಲ್ಲಿ ಠರಾವು ಪಾಸಾದದ್ದು ಓದುಗ ಮಿತ್ರರಿಗೆ ನೆನಪಿರಬಹುದು. ಒಟ್ಟು ಹನ್ನೆರಡು ಮಂದಿ. ಆ ಕೆಲಸ ನನ್ನ ತಲೆಗೆ ಬಂತು. ನನಗೆ ಸಾಹಿತ್ಯ ಗೊತ್ತು ಅಂತಲ್ಲ. ನನ್ನ ಫೋನಿನ ಕ್ಯಾಮರಾ ಚೆನ್ನಾಗಿದೆ ಅಂತ! ಇದುವರೆಗೆ ಐದು ಸಂದರ್ಶನ ಮುಗಿದಿವೆ. ಐದರಲ್ಲಿ ಮೂರು ಕೆಟ್ಟುಹೋದವು. ಕೆಡಿಸಿದವನು ನಾನೇ. ಹಾಗಾಗಿ ಈ ವಿಷಯದಲ್ಲಿ ನಾಲ್ಕು ಮಾತು ಹೇಳುವ ಅಧಿಕಾರ ನನಗಿದೆ ಎಂದು ಭಾವಿಸಿದ್ದೇನೆ.

ಮೊದಲನೆಯದು ಡೊಂಬಿವಲಿ ಪೂರ್ವದಲ್ಲಿ. ಅವರ ಹೆಸರು ಇಲ್ಲಿ ಬೇಡ. ಕುಂದಾಪುರದ ಹತ್ತಿರದ ಒಂದು ಹಳ್ಳಿಯಿಂದ 1962ರಲ್ಲಿ, ಹನ್ನೆರಡನೇ ವಯಸ್ಸಿಗೆ, ಘಟ್ಟ ಹತ್ತಿ ಹುಬ್ಬಳ್ಳಿ ತನಕ ಬಸ್ಸು, ಆಮೇಲೆ ರೈಲು, ಹೀಗೆ ಬೊಂಬಾಯಿಗೆ ಬಂದವರು. ಹಗಲು ಫೋರ್ಟಿನ ಒಂದು ಹೋಟೆಲಿನಲ್ಲಿ ಲೋಟ ತೊಳೆಯುವುದು, ರಾತ್ರಿ ಕನ್ನಡ ರಾತ್ರಿಶಾಲೆ. ಈ ರಾತ್ರಿಶಾಲೆಗಳ ವಿಷಯ ನಮ್ಮ ಪೀಳಿಗೆಗೆ ಗೊತ್ತೇ ಇಲ್ಲ. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ನಡೆಸಿದ ರಾತ್ರಿಶಾಲೆಗಳಲ್ಲಿ ಕಲಿತು ಬ್ಯಾಂಕಿಗೆ, ರೈಲ್ವೆಗೆ, ಕಸ್ಟಮ್ಸಿಗೆ ಸೇರಿದವರು, ಸ್ವಂತ ಹೋಟೆಲು ತೆರೆದವರು ಎಷ್ಟೋ ಮಂದಿ. ಅವರೆಲ್ಲ ಈಗ ಎಪ್ಪತ್ತು ದಾಟಿದ್ದಾರೆ, ಎಂಬತ್ತು ದಾಟಿದ್ದಾರೆ. ಕನ್ನಡ ಮಾಧ್ಯಮದಲ್ಲಿ ಕಲಿತ ನನ್ನಂಥವನಿಗೆ ಇದು ಬರೀ ಇತಿಹಾಸವಲ್ಲ. ನಾನು ಕೂತು ಕಲಿತ ಬೆಂಚು ಇಂಥವರು ಕೊಟ್ಟ ದುಡ್ಡಿನಿಂದ ಬಂದದ್ದು. ಬೆಂಚಿನ ಹಿಂದೆ ದಾನಿಗಳ ಹೆಸರು ಬಿಳಿ ಬಣ್ಣದಲ್ಲಿ ಬರೆದಿತ್ತು.

ಇಂಥ ಮನುಷ್ಯನ ಎದುರು ನಾನು ಹದಿನಾಲ್ಕು ಪ್ರಶ್ನೆಗಳ ಪಟ್ಟಿ ಹಿಡಿದು ಕೂತೆ. ಪರೀಕ್ಷೆಗೆ ಕೂತ ಹಾಗೆ. ಅವರು ಉತ್ತರ ಹೇಳುವಾಗ ನಾನು ಕೇಳುತ್ತಿರಲಿಲ್ಲ, ಮುಂದಿನ ಪ್ರಶ್ನೆಯ ಮೇಲೆ ಕಣ್ಣಿಟ್ಟಿದ್ದೆ. ಇದು ನನಗೆ ಆಗ ಗೊತ್ತಾಗ್ಲಿಲ್ಲ. ಮನೆಗೆ ಬಂದು ನೋಡಿದಾಗ ಗೊತ್ತಾಯ್ತು. ಇಪ್ಪತ್ತಮೂರನೇ ನಿಮಿಷದಲ್ಲಿ ಅವರು, "ಒಂದು ರಾತ್ರಿ ಶಾಲೆಯಿಂದ ವಾಪಸ್ ಬಂದೆ, ಹೋಟೆಲ್ ಬಾಗಿಲು ಹಾಕಿತ್ತು..." ಅಂದು ನಿಲ್ಲಿಸುತ್ತಾರೆ. ಕೆಳಗೆ ನೋಡುತ್ತಾರೆ. ನಾಲ್ಕು ಸೆಕೆಂಡು. ನಾಲ್ಕೇ ಸೆಕೆಂಡು! ಅಷ್ಟರಲ್ಲಿ ಒಂದು ಗಂಟಲು ಕೇಳಿಸುತ್ತದೆ: "ಸರ್, ಇಂದಿನ ಯುವಜನಾಂಗಕ್ಕೆ ತಮ್ಮ ಸಂದೇಶವೇನು?" ಆ ಗಂಟಲು ನನ್ನದು. ಅವರು ತಲೆಯೆತ್ತಿ, ಕನ್ನಡ ಉಳಿಸಿ ಬೆಳೆಸಬೇಕು ಎಂದು ಸಂದೇಶ ಕೊಟ್ಟರು. ನಾನು ಧನ್ಯವಾದ ಹೇಳಿದೆ.

ಆ ರಾತ್ರಿ ಬಾಗಿಲು ಹಾಕಿದ ಮೇಲೆ ಏನಾಯ್ತು? ಮುಂದಿನ ವಾರ ಮತ್ತೆ ಹೋಗಿ ಕೇಳಿದೆ. ಅವರು ನಕ್ಕು, "ಅದ್ ಅವತ್ ಬಾಯಿಗ್ ಬಂದಿತ್ತ್ ಮಗಾ, ಇವತ್ ಬತ್ತಿಲ್ಲೆ" ಅಂದರು. ಅಷ್ಟೇ.

ವೀಡಿಯೋ ಸಂದರ್ಶನ ಅಂದರೆ ಒಳ್ಳೆಯ ಕ್ಯಾಮರಾ, ಒಳ್ಳೆಯ ಲೈಟು ಎಂದು ನಮ್ಮಲ್ಲಿ ಬಹಳ ಮಂದಿ ತಿಳಿದಿದ್ದಾರೆ. ನನ್ನ ವಾದ ಬೇರೆ. ಸಂದರ್ಶನ ಕೆಡುವುದು ಮೊದಲು ಕೇಳುವವನ ಬಾಯಿಯಿಂದ. ಪ್ರಶ್ನೆ ಕೇಳಿದ ಮೇಲೆ ಸುಮ್ಮನಿರಬೇಕು. ಅವರು ನಿಲ್ಲಿಸಿದರೆ ನಾವೂ ನಿಲ್ಲಿಸಬೇಕು. ಹತ್ತು ಸೆಕೆಂಡು ಮೌನ ಎಂದರೆ ಎದುರು ಕೂತವನಿಗೆ ಹತ್ತು ನಿಮಿಷದಂತೆ ಅನ್ನಿಸುತ್ತದೆ, ಬೆವರು ಬರುತ್ತದೆ, ಬರಲಿ. "ಹೌದಾ", "ಅಯ್ಯೋ", "ಹೂಂ ಹೂಂ" ಎಂದು ನಾವು ಪ್ರೀತಿಯಿಂದ ಹೇಳುವುದೂ ಅವರ ಮಾತಿನ ಮೇಲೇ ಕೂತು ರೆಕಾರ್ಡ್ ಆಗುತ್ತದೆ, ಆಮೇಲೆ ಯಾವ ಕತ್ತರಿಯಿಂದಲೂ ಬಿಡಿಸಲಾಗುವುದಿಲ್ಲ. ತಲೆ ಆಡಿಸಿದರೆ ಸಾಕು.

ಹಾಗೆಂದು ತಯಾರಿ ಇಲ್ಲದೆ ಹೋಗಿ ಎಂದು ನಾನು ಹೇಳುವುದಿಲ್ಲ. ಹದಿನಾಲ್ಕು ಪ್ರಶ್ನೆ ಬರೆಯಿರಿ, ಬಾಯಿಪಾಠ ಮಾಡಿ, ಕಾಗದ ಮನೆಯಲ್ಲಿ ಬಿಟ್ಟು ಹೋಗಿ. "ನಿಮಗೆ ಕಷ್ಟ ಆಯ್ತಾ?" ಎಂದರೆ "ಹೌದು" ಎಂದು ಮುಗಿಯುತ್ತದೆ. "ಮೊದಲನೇ ದಿನ ಎಲ್ಲಿ ಮಲಗಿದಿರಿ?" ಎಂದರೆ ಕಥೆ ಹೊರಡುತ್ತದೆ. ಈ ಎರಡನೇ ಪ್ರಶ್ನೆ ನಾನು ಕಂಡುಹಿಡಿದದ್ದಲ್ಲ. ಮೂರನೇ ಸಂದರ್ಶನಕ್ಕೆ ಜೊತೆಗೆ ಬಂದ ನನ್ನ ತಾಯಿ ಸುಮ್ಮನೆ ಮಾತಿಗೆ ಕೇಳಿದ್ದು. ಅದಕ್ಕೆ ಹನ್ನೊಂದು ನಿಮಿಷ ಉತ್ತರ ಬಂತು.

ಇನ್ನು ಭಾಷೆ. ಕ್ಯಾಮರಾ ಹಚ್ಚಿದ ಕೂಡಲೇ ನನಗೆ ಎಲ್ಲಿಂದಲೋ ಭಾಷಣದ ಕನ್ನಡ ಬಂತು. "ತಾವು ಈ ಮಹಾನಗರಕ್ಕೆ ಆಗಮಿಸಿದ ಸಂದರ್ಭವನ್ನು ತಿಳಿಸುವಿರಾ?" ಪಾಪ, ಅವರೂ ಅದೇ ಧಾಟಿಯಲ್ಲಿ "ಆ ದಿನಗಳಲ್ಲಿ ನಾವು ಅನೇಕ ಸಂಕಷ್ಟಗಳನ್ನು ಎದುರಿಸಿದೆವು" ಎಂದು ಶುರುಮಾಡಿದರು. ಅನೇಕ ಸಂಕಷ್ಟ ಎಂದರೆ ಏನು? ಏನೂ ಅಲ್ಲ. ಚಹಾ ಬಂತು, ಫೋನು ಮಡಚಿಟ್ಟೆ, ಆಗ ಕುಂದಾಪ್ರ ಕನ್ನಡ ಹೊರಬಂತು. ಅದರೊಳಗೆ ಖೋಲಿ, ಪಾಳಿ, ಗಲ್ಲಾ, ಬಾಕ್ಡಾ ಎಲ್ಲ ಬಂದವು. ಅರವತ್ತು ವರ್ಷ ಈ ಊರಿನಲ್ಲಿದ್ದ ಕನ್ನಡ ಅದು. ಅದರ ಒಂದು ವಾಕ್ಯವೂ ನನ್ನ ಫೋನಿನಲ್ಲಿಲ್ಲ. ಡೊಂಬಿವಲಿಯ ಒಂದೇ ಕಟ್ಟಡದಲ್ಲಿ ಕುಂದಾಪ್ರ ಕನ್ನಡ, ತುಳು, ಕೊಂಕಣಿ, ಧಾರವಾಡದ ಕನ್ನಡ ನಾಲ್ಕೂ ಇರುತ್ತವೆ. ಯಾರು ಯಾವುದರಲ್ಲಿ ಹೇಳುತ್ತಾರೋ ಅದರಲ್ಲೇ ಹೇಳಲಿ. ಮರಾಠಿ ಶಬ್ದ ಬಂದರೆ ತಿದ್ದಬಾರದು. ಬಿ.ವಿ. ಕಾರಂತರು 2002ರಲ್ಲಿ ತೀರಿಕೊಂಡರು. ಅವರ ಆತ್ಮಕಥೆ "ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ" ಕಾರಂತರ ಬಾಯಿಮಾತು, ನಿರೂಪಣೆ ವೈದೇಹಿಯವರದು. ಅದನ್ನು ಓದುವಾಗ ಬರೆದವರಿಗಿಂತ ಹೆಚ್ಚಾಗಿ ಕೇಳಿಸಿಕೊಂಡವರು ಕಾಣುತ್ತಾರೆ ಎಂದು ನನಗನ್ನಿಸಿದೆ. ಕೇಳಿಸಿಕೊಳ್ಳುವುದೂ ಸಾಹಿತ್ಯದ ಕೆಲಸವೇ ಎಂಬುದಕ್ಕೆ ನಮ್ಮ ಬಳಗದ ಕವಿಮಿತ್ರರು ಈ ಪುಸ್ತಕವನ್ನು ನೋಡಬೇಕು.

ಕೆಲವರು ಕೇಳಬಹುದು: ಮಾತೇ ಮುಖ್ಯವಾದರೆ ವೀಡಿಯೋ ಯಾಕೆ, ಧ್ವನಿ ಸಾಕಲ್ಲ? ಇದಕ್ಕೂ ನನ್ನ ತಪ್ಪಿನಿಂದಲೇ ಉತ್ತರ ಸಿಕ್ಕಿತು. ಒಂದೇ ಕೈಯಲ್ಲಿ ಎಂಟು ಚಹಾ ಲೋಟ ಹಿಡಿಯುವುದು ಹೇಗೆಂದು ಅವರು ತೋರಿಸಿದರು. ಬೆರಳುಗಳ ಸಂದಿಯಲ್ಲಿ ಲೋಟದ ಅಂಚು ಹೇಗೆ ಸಿಕ್ಕಿಸುವುದು, ಹೆಬ್ಬೆರಳು ಎಲ್ಲಿಡುವುದು. ಎಪ್ಪತ್ತೈದು ವರ್ಷದ ಕೈ, ಆದರೂ ಬೆರಳು ತನ್ನಷ್ಟಕ್ಕೆ ಜಾಗಕ್ಕೆ ಹೋಯಿತು. ಇದನ್ನು ಬರೆದು ಹೇಳಲಾಗುವುದಿಲ್ಲ (ನಾನು ಈಗ ಬರೆದದ್ದು ಓದಿ ನಿಮಗೆ ಏನಾದರೂ ತಿಳಿಯಿತೇ?). ಇದಕ್ಕೇ ವೀಡಿಯೋ ಬೇಕು. ಆದರೆ ನಾನು ಪಾಸ್‌ಪೋರ್ಟ್ ಫೋಟೋದ ಹಾಗೆ ಬರೀ ಮುಖ ಹಿಡಿದಿದ್ದೆ. ಕೈ ಚೌಕಟ್ಟಿನ ಹೊರಗೆ! ಅಂದಿನಿಂದ ನಾನು ಸೊಂಟದಿಂದ ಮೇಲೆ, ಮಡಿಲಿನ ಕೈ ಕಾಣುವಂತೆ ಹಿಡಿಯುತ್ತೇನೆ. ಫೋನು ಅಡ್ಡ, ಟ್ರೈಪಾಡ್ ಇಲ್ಲದಿದ್ದರೆ ಪುಸ್ತಕಗಳ ಅಟ್ಟಿ ಮೇಲೆ, ಎತ್ತರ ಅವರ ಕಣ್ಣಿನ ಮಟ್ಟಕ್ಕೆ. ನಾನು ಫೋನಿನ ಪಕ್ಕದಲ್ಲೇ ಕೂರುತ್ತೇನೆ, ಅವರು ನನ್ನನ್ನು ನೋಡಿ ಮಾತಾಡಲಿ. ಯಂತ್ರವನ್ನು ನೋಡಿ ಮಾತಾಡುವುದು ವಾರ್ತೆ ಓದುವವರ ಕೆಲಸ.

ಬೆಳಕಿನ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಕಿಟಕಿ ಅವರ ಹಿಂದೆ ಇದ್ದರೆ ಮುಖ ಕಪ್ಪಾಗುತ್ತದೆ, ಮುಂದೋ ಪಕ್ಕದಲ್ಲೋ ಇರಬೇಕು. ಮುಗೀತು.

ಧ್ವನಿಯ ಪಾಡು ಮಾತ್ರ ದೊಡ್ಡದು. ನಾವು ವಾಸಿಸುವ ಜಾಗ ನೋಡಿ. ಬೋರಿಬಂದರದಿಂದ ಠಾಣೆಗೆ 1853ರ ಏಪ್ರಿಲ್ 16ರಂದು ದೇಶದ ಮೊದಲ ಪ್ರಯಾಣಿಕರ ರೈಲು ಓಡಿತು, 1854ರಲ್ಲಿ ಹಳಿ ಕಲ್ಯಾಣಕ್ಕೆ ಮುಟ್ಟಿತು. ಅಂದಿನಿಂದ ಈ ಪಟ್ಟಿಯಲ್ಲಿ ಶಾಂತಿ ಎಂಬುದಿಲ್ಲ. ಎರಡನೇ ಸಂದರ್ಶನ ಹಳಿಯ ಬದಿಯ ಮನೆಯಲ್ಲಿ. ಪ್ರತಿ ಮೂರು ನಿಮಿಷಕ್ಕೊಂದು ಲೋಕಲ್, ನಡುವೆ ಮೇಲ್ ಗಾಡಿಯ ಹಾರ್ನ್. ನಮ್ಮ ಕಿವಿಗೆ ಅಭ್ಯಾಸವಾಗಿ ಅದು ಕೇಳಿಸುವುದೇ ಇಲ್ಲ. ಫೋನಿಗೆ ಅಂಥ ಅಭ್ಯಾಸವಿಲ್ಲ. ಮೇಲಿಂದ ಕುಕ್ಕರಿನ ಸೀಟಿ, ಫ್ಯಾನಿನ ಗಾಳಿ. ಐವತ್ತು ನಿಮಿಷದಲ್ಲಿ ಇಪ್ಪತ್ತು ನಿಮಿಷವೂ ಕಿವಿಗೆ ದಕ್ಕುವುದಿಲ್ಲ.

ಕೆಟ್ಟ ಚಿತ್ರವನ್ನು ಜನ ಸಹಿಸುತ್ತಾರೆ, ಕೆಟ್ಟ ಧ್ವನಿಯನ್ನು ಸಹಿಸುವುದಿಲ್ಲ. ಮೈಕಿಗೂ ಬಾಯಿಗೂ ಇರುವ ದೂರ ಎರಡರಷ್ಟಾದರೆ ಧ್ವನಿಯ ತೀವ್ರತೆ ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ, ಆದರೆ ರೈಲಿನ ಸದ್ದು ಅಷ್ಟೇ ಇರುತ್ತದೆ. ಆದ್ದರಿಂದ ಮೈಕು ಹತ್ತಿರ ಇರಬೇಕು. ಕಾಲರಿಗೆ ಸಿಕ್ಕಿಸುವ ಮೈಕು ಸಿಕ್ಕರೆ ಉತ್ತಮ. ಇಲ್ಲದಿದ್ದರೆ ಇನ್ನೊಬ್ಬ ಗೆಳೆಯನ ಫೋನನ್ನು ಧ್ವನಿ ರೆಕಾರ್ಡಿಗೆ ಹಚ್ಚಿ ಅವರ ಮುಂದಿನ ಸ್ಟೂಲಿನ ಮೇಲೆ ಒಂದು ಕರ್ಚೀಫು ಹಾಸಿ ಇಡಬಹುದು. ಶುರುವಿನಲ್ಲಿ ಒಂದು ಚಪ್ಪಾಳೆ ತಟ್ಟಿದರೆ ಆಮೇಲೆ ಎರಡನ್ನೂ ಆ ಚಪ್ಪಾಳೆಗೆ ಹೊಂದಿಸಬಹುದು. ಫ್ಯಾನು? ಮೇ ತಿಂಗಳಲ್ಲಿ ಮುದುಕರ ಮನೆಯ ಫ್ಯಾನು ನಿಲ್ಲಿಸುವುದು ಹಿಂಸೆ. ಒಂದನೇ ನಂಬರಿಗೆ ಇಳಿಸಿ, ಹತ್ತು ಹದಿನೈದು ನಿಮಿಷಕ್ಕೊಮ್ಮೆ ವಿರಾಮ ಕೊಡಿ. ಮಧ್ಯಾಹ್ನ ಎರಡರಿಂದ ನಾಲ್ಕು ಒಳ್ಳೆಯ ವೇಳೆ, ಕುಕ್ಕರುಗಳು ಮಲಗಿರುತ್ತವೆ. ಫೋನನ್ನು ಏರೋಪ್ಲೇನ್ ಮೋಡಿನಲ್ಲಿಡುವುದನ್ನು ಮರೆಯಬೇಡಿ. ನನ್ನ ನಾಲ್ಕನೇ ಸಂದರ್ಶನದ ನಡುವೆ ಸಾಲ ಬೇಕೇ ಎಂದು ಕೇಳುವ ಕರೆ ಬಂದು ರೆಕಾರ್ಡಿಂಗ್ ನಿಂತುಹೋಯಿತು. ನಿಂತದ್ದು ನನಗೆ ತಿಳಿದದ್ದು ಮಾತೆಲ್ಲ ಮುಗಿದ ಮೇಲೆ.

ಈಗ ಯಾರನ್ನು ಸಂದರ್ಶಿಸುವುದು ಎಂಬ ಪ್ರಶ್ನೆ. ನಮ್ಮ ಹನ್ನೆರಡು ಮಂದಿಯ ಪಟ್ಟಿ ನೋಡಿದೆ. ಒಂಬತ್ತು ಮಂದಿ ಮಾಜಿ ಅಧ್ಯಕ್ಷರು, ಕಾರ್ಯದರ್ಶಿಗಳು, ಹೋಟೆಲ್ ಮಾಲೀಕರು. ಹೆಂಗಸರು ಇಬ್ಬರು. ಗೌರವವಿದೆ, ಆದರೆ ಇವರು ವೇದಿಕೆಯ ಮೇಲೆ ಎಷ್ಟೋ ಸಲ ಹೇಳಿದ್ದನ್ನೇ ನಮಗೂ ಹೇಳುತ್ತಾರೆ. ಕಲ್ಯಾಣದ ನಾಕಾದಲ್ಲಿ ಬೆಳಿಗ್ಗೆ ಕೂಲಿಗಾಗಿ ನಿಲ್ಲುವ ಕಲಬುರ್ಗಿ, ಯಾದಗಿರಿ, ವಿಜಯಪುರದ ಕಡೆಯವರು ಕನ್ನಡಿಗರಲ್ಲವೇ? ನವಿ ಮುಂಬಯಿಯನ್ನು ಕಟ್ಟಲು 1970ರಲ್ಲಿ ಸಿಡ್ಕೋ ಹುಟ್ಟಿತು ಎಂದು ನಾವು ಓದುತ್ತೇವೆ. ಇಟ್ಟಿಗೆ ಹೊತ್ತವರು ಯಾರು ಎಂದು ಕೇಳುವುದಿಲ್ಲ. ಅವರನ್ನು ಕೇಳುವುದಾದರೆ ಒಂದು ಮಾತು ನೆನಪಿಡಬೇಕು. ನಿವೃತ್ತರ ಒಂದು ಗಂಟೆಗೆ ಚಹಾ ಸಾಕು. ನಾಕಾದವರ ಒಂದು ಬೆಳಿಗ್ಗೆ ಎಂದರೆ ಒಂದು ದಿನದ ಕೂಲಿ. ಅದನ್ನು ಬಳಗ ಭರಿಸಬೇಕು, ಇಲ್ಲವೇ ಅವರ ರಜದ ದಿನ ನಾವು ಹೋಗಬೇಕು.

ಬೇರೆಯವರು ಇದನ್ನು ಮಾಡಿದ್ದಾರೆ. 1982ರ ಜನವರಿ 18ರಂದು ಶುರುವಾದ ಗಿರಣಿ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರಿದ್ದರು. ನೀರಾ ಆಡಾರ್ಕರ್ ಮತ್ತು ಮೀನಾ ಮೆನನ್ ಇಬ್ಬರೂ ಗಿರಣಗಾಂವಿನವರ ಬಾಯಿಮಾತುಗಳನ್ನು ಕೂಡಿಸಿ "ಒನ್ ಹಂಡ್ರೆಡ್ ಇಯರ್ಸ್, ಒನ್ ಹಂಡ್ರೆಡ್ ವಾಯ್ಸಸ್" ಎಂಬ ಪುಸ್ತಕವನ್ನು 2004ರಲ್ಲಿ ತಂದರು. ಅದರಲ್ಲಿ ಪುಢಾರಿಗಳಷ್ಟೇ ಅಲ್ಲ, ಊಟದ ಖಾನಾವಳಿ ನಡೆಸಿದ ಹೆಂಗಸರೂ ಇದ್ದಾರೆ. ಇನ್ನೂ ಹತ್ತಿರದ್ದು ಬೇಕೇ? ನಮ್ಮ ಪಕ್ಕದ ಉಲ್ಲಾಸನಗರ ಮೊದಲು ಕಲ್ಯಾಣ ಕ್ಯಾಂಪು. ದೇಶ ಒಡೆದಾಗ ಸಿಂಧದಿಂದ ಬಂದವರನ್ನು ಇಳಿಸಿದ ಜಾಗ, 1949ರ ಆಗಸ್ಟ್ 8ರಂದು ರಾಜಗೋಪಾಲಾಚಾರಿಯವರು ಹೊಸ ಹೆಸರಿಟ್ಟರು. ಆ ವಿಭಜನೆಯನ್ನು ಕಂಡವರ ಮಾತನ್ನು ವೀಡಿಯೋದಲ್ಲಿ ಹಿಡಿಯಲು ಗುನೀತಾ ಸಿಂಗ್ ಭಲ್ಲಾ ಎಂಬ ಭೌತವಿಜ್ಞಾನಿ "1947 ಪಾರ್ಟಿಶನ್ ಆರ್ಕೈವ್" ಶುರುಮಾಡಿದರು. ಹತ್ತು ಸಾವಿರಕ್ಕೂ ಹೆಚ್ಚು ಸಂದರ್ಶನಗಳಾದವು. ಹಿಡಿದವರಲ್ಲಿ ಬಹಳ ಮಂದಿ ನಮ್ಮ ನಿಮ್ಮಂಥ ಸ್ವಯಂಸೇವಕರು, ತರಬೇತಿ ಪಡೆದು ಹೋದವರು. ತರಬೇತಿ ಎಂಬ ಶಬ್ದಕ್ಕೆ ಬೇಕಾದರೆ ಅಡಿಗೆರೆ ಹಾಕಿಕೊಳ್ಳಿ.

ಇನ್ನು ನಾನು ಈ ಲೇಖನ ಬರೆಯಲು ನಿಜವಾದ ಕಾರಣಕ್ಕೆ ಬರುತ್ತೇನೆ. ಮೂರನೇ ಸಂದರ್ಶನ ಕಲ್ಯಾಣದ ಒಬ್ಬ ಹಿರಿಯ ತಾಯಿಯದು. ಚಾಳಿನ ಒಂದೇ ಖೋಲಿಯಲ್ಲಿ ಕನ್ನಡದ ಬ್ರಹ್ಮಚಾರಿ ಹುಡುಗರಿಗೆ ವರ್ಷಗಟ್ಟಲೆ ಊಟದ ಡಬ್ಬಿ ಕಟ್ಟಿದವರು. ನನ್ನ ತಾಯಿ ಕೇಳಿದ ಪ್ರಶ್ನೆಗೆ ಹನ್ನೊಂದು ನಿಮಿಷ ಮಾತಾಡಿದವರು ಇವರೇ. ಅದರಲ್ಲಿ ನಾಲ್ಕು ನಿಮಿಷ ತಮ್ಮ ಮನೆಯೊಳಗಿನ ಒಂದು ವಿಷಯ ಹೇಳಿದರು. ಏನೆಂದು ನಾನು ಇಲ್ಲಿ ಬರೆಯುವುದಿಲ್ಲ. ಆ ನಾಲ್ಕು ನಿಮಿಷ ಐದು ಸಂದರ್ಶನಗಳಲ್ಲೇ ಶ್ರೇಷ್ಠವಾದದ್ದು ಎಂಬುದರಲ್ಲಿ ಎರಡು ಮಾತಿಲ್ಲ. ಮರುದಿನ ಬೆಳಿಗ್ಗೆ ಅವರ ಫೋನು ಬಂತು: "ಆ ಮಾತು ತೆಗೆದುಬಿಡು ಮಗಾ. ಮೊಮ್ಮಗಳಿಗೆ ಗಂಡು ನೋಡ್ತಾ ಇದ್ದಾರೆ."

ಬಳಗದ ಸಭೆಯಲ್ಲಿ ಇದರ ಮೇಲೆ ದೊಡ್ಡ ಚರ್ಚೆ ಆಯ್ತು. ಒಪ್ಪಿಗೆ ಪತ್ರಕ್ಕೆ ಅವರು ಸಹಿ ಹಾಕಿದ್ದಾರೆ, ಸಹಿ ಎಂದರೆ ಸಹಿ ಎಂದು ಒಬ್ಬ ಮಿತ್ರನ ವಾದ. ಅವನೂ ನನ್ನ ತರಗತಿಯವನೇ. ಹಿಂದಿನ ಸಭೆಯಲ್ಲಿ ನಾನೇ ಹೇಳಿದ್ದೆ: ಕತ್ತರಿಸದ ಮೂಲ ರೆಕಾರ್ಡಿಂಗ್ ಎಂದರೆ ವೋಚರ್, ನಾವು ತೋರಿಸುವ ಹತ್ತು ನಿಮಿಷದ ಚಿತ್ರ ಎಂದರೆ ಬ್ಯಾಲೆನ್ಸ್ ಶೀಟು, ಬ್ಯಾಲೆನ್ಸ್ ಶೀಟು ಚೆನ್ನಾಗಿ ಬಂತೆಂದು ವೋಚರ್ ಬಿಸಾಡುವ ಅಕೌಂಟೆಂಟ್ ಉಂಟೇ ಅಂತ. ಈಗ ಆ ಮಾತನ್ನೇ ನನ್ನ ಮೇಲೆ ತಿರುಗಿಸಿದ. "ವೋಚರ್ ಹರಿಯಬಾರದು ಅಂದವನು ನೀನೇ ಅಲ್ವಾ?" ಎಲ್ಲರೂ ನಕ್ಕರು. ಆಗ ನನಗೆ ಉತ್ತರ ಹೊಳೆಯಲಿಲ್ಲ.

ಎರಡು ದಿನ ಬಿಟ್ಟು ಹೊಳೆಯಿತು, ಅದೂ ನಮ್ಮ ಪಠ್ಯಪುಸ್ತಕದಲ್ಲೇ. ವೋಚರು ಅಂಗಡಿಯ ಸ್ವತ್ತು. ಆ ತಾಯಿಯ ಮಾತು ನಮ್ಮ ಅಂಗಡಿಯ ಸ್ವತ್ತಲ್ಲ, ನಮ್ಮ ಹತ್ತಿರ ಇಟ್ಟ ಒಡವೆ. 1872ರ ಕರಾರು ಕಾಯಿದೆಯಲ್ಲಿ 148ನೇ ಕಲಮಿನಿಂದ ಮುಂದೆ ಇದೇ ವಿಷಯ. 159ನೇ ಕಲಮು ನೋಡಿ: ಪ್ರತಿಫಲವಿಲ್ಲದೆ ಉಪಯೋಗಕ್ಕೆಂದು ಕೊಟ್ಟ ವಸ್ತುವನ್ನು, ಅವಧಿ ಹೇಳಿ ಕೊಟ್ಟಿದ್ದರೂ ಸಹ, ಕೊಟ್ಟವರು ಯಾವಾಗ ಬೇಕಾದರೂ ವಾಪಸ್ ಕೇಳಬಹುದು. ಮಾತು ವಸ್ತುವಲ್ಲ, ಕೋರ್ಟಿನಲ್ಲಿ ಈ ವಾದ ನಿಲ್ಲದು, ನನಗೆ ಗೊತ್ತು. ಆದರೆ ನೂರೈವತ್ತು ವರ್ಷ ಹಿಂದಿನ ವ್ಯಾಪಾರದ ಕಾಯಿದೆ ಒಂದು ಪಾತ್ರೆಗೆ ಕೊಟ್ಟ ಮರ್ಯಾದೆಯನ್ನು ಸಾಹಿತ್ಯ ಬಳಗ ಒಂದು ಮಾತಿಗೆ ಕೊಡಲಾಗದೇ? ನಾವೇನು ಅವರಿಗೆ ದುಡ್ಡು ಕೊಟ್ಟಿದ್ದೆವಾ?

ಇನ್ನೊಬ್ಬ ಮಿತ್ರ ಫ್ರೆಂಚ್ ನಿರ್ದೇಶಕ ಕ್ಲೋಡ್ ಲಾಂಜ್‌ಮನ್‌ನ ಹೆಸರು ತೆಗೆದ. 1985ರ "ಶೋಆ" ಚಿತ್ರ, ಒಂಬತ್ತು ಗಂಟೆಗೂ ಉದ್ದ, ಯೆಹೂದಿಗಳ ಕಗ್ಗೊಲೆಯ ಬಗ್ಗೆ. ಹಳೆಯ ಚಿತ್ರತುಣುಕು ಒಂದೂ ಇಲ್ಲ, ಬರೀ ಮಾತು. ಟ್ರೆಬ್ಲಿಂಕಾ ಶಿಬಿರದಲ್ಲಿ ಕೂದಲು ಕತ್ತರಿಸಬೇಕಾಗಿ ಬಂದಿದ್ದ ಅಬ್ರಹಾಂ ಬೋಂಬಾ ಎಂಬ ಕ್ಷೌರಿಕನನ್ನು ಅವನು ಕ್ಷೌರದಂಗಡಿಯಲ್ಲೇ, ಕೈಯಲ್ಲಿ ಕತ್ತರಿ ಹಿಡಿಸಿಯೇ ಮಾತಾಡಿಸಿದ. ಬೋಂಬಾ ಮಾತು ನಿಲ್ಲಿಸಿ ಆಗುವುದಿಲ್ಲ ಎಂದಾಗ, ಹೇಳಲೇಬೇಕು ಎಂದು ಒತ್ತಾಯಿಸಿದ. ಶಿಬಿರದ ಮಾಜಿ ನಾಜಿ ಕಾವಲುಗಾರ ಸುಖೊಮೆಲ್‌ನನ್ನಂತೂ ಹೆಸರು ಹೇಳುವುದಿಲ್ಲವೆಂದು ಮಾತು ಕೊಟ್ಟು, ಗುಪ್ತ ಕ್ಯಾಮರಾದಲ್ಲಿ ಹಿಡಿದು, ಹೆಸರು ಸಮೇತ ತೋರಿಸಿದ. ದೊಡ್ಡ ಕೆಲಸಕ್ಕೆ ಸ್ವಲ್ಪ ಗಟ್ಟಿಯಾಗಬೇಕು ಎಂದು ಮಿತ್ರನ ತಾತ್ಪರ್ಯ. ಮನುಷ್ಯನನ್ನು ಅವನ ಕಸುಬಿನ ಜಾಗದಲ್ಲಿ ಕೂರಿಸಿ ಕೇಳುವುದನ್ನು ಲಾಂಜ್‌ಮನ್‌ನಿಂದ ಕಲಿಯೋಣ. ನಮ್ಮ ಹೋಟೆಲಿನವರನ್ನು ಸೋಫಾದ ಮೇಲೆ ಕೂರಿಸಿದ್ದೇ ನನ್ನ ತಪ್ಪು, ಕಾವಲಿಯ ಮುಂದೆ ನಿಲ್ಲಿಸಬೇಕಿತ್ತು. ಆದರೆ ಸುಖೊಮೆಲ್ ಕೊಲೆಗಡುಕರ ಪೈಕಿಯವನು. ನಮ್ಮ ಎದುರು ಕೂತವರು ನಮಗೆ ಊಟ ಹಾಕಿದವರು. ಬೋಂಬಾನ ವಿಷಯದಲ್ಲಿ ಲಾಂಜ್‌ಮನ್ ಮಾಡಿದ್ದು ಸರಿಯೋ ತಪ್ಪೋ ಎಂದು ನನಗೆ ಇಂದಿಗೂ ತೀರ್ಮಾನಿಸಲಾಗಿಲ್ಲ. ಇಪ್ಪತ್ತು ವರ್ಷದ ನನಗೆ ಹಾಗೆ ಒತ್ತಾಯಿಸುವ ಹಕ್ಕಿಲ್ಲ ಎಂಬುದು ಮಾತ್ರ ಗೊತ್ತು.

ಆದ್ದರಿಂದ ನನ್ನ ಸೂಚನೆ ಇಷ್ಟು. ಸಹಿಯನ್ನು ಮೊದಲು ತೆಗೆದುಕೊಳ್ಳಬಾರದು, ಅವರು ಪೂರ್ತಿ ನೋಡಿದ ಮೇಲೆ ತೆಗೆದುಕೊಳ್ಳಬೇಕು. ಏನು ಹೇಳುತ್ತೇವೆಂದು ತಿಳಿಯುವ ಮೊದಲೇ ಹಾಕಿದ ಸಹಿಗೆ ಅರ್ಥವೇನು? ಬೇಡವೆಂದ ಭಾಗವನ್ನು ಅಳಿಸುವುದೋ, ಇಷ್ಟು ವರ್ಷ ಯಾರಿಗೂ ತೋರಿಸದೆ ಮುಚ್ಚಿಡುವುದೋ ಎಂಬುದನ್ನು ಅವರೇ ಹೇಳಲಿ. ಉಳಿದದ್ದರ ಎರಡು ಪ್ರತಿ ಎರಡು ಬೇರೆ ಮನೆಗಳಲ್ಲಿರಲಿ, ಹೆಸರು, ಊರು, ತಾರೀಕು ಬರೆದು. ಒಂದು ಪ್ರತಿ ಅವರ ಮನೆಗೂ ಹೋಗಲಿ. ಒಂದು ಗಂಟೆಯ ವೀಡಿಯೋ ನಾಲ್ಕರಿಂದ ಎಂಟು ಜಿಬಿ ಆಗುತ್ತದೆ, ಪೆನ್‌ಡ್ರೈವಿನ ಖರ್ಚು ಬಳಗದ ಲೆಕ್ಕಕ್ಕೆ ಹಾಕಿ. ವಾರ್ಷಿಕೋತ್ಸವಕ್ಕೆ ಮೂರು ನಿಮಿಷಕ್ಕೆ ಕತ್ತರಿಸಿ ಹಿಂದೆ ಕೊಳಲು ಹಾಕಬೇಕೆಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ಕೊಳಲು ಹಾಕಿದರೆ ಎಲ್ಲರ ಕಷ್ಟವೂ ಒಂದೇ ಥರ ಕೇಳಿಸುತ್ತದೆ.

ಕಲ್ಯಾಣದ ತಾಯಿಯ ಆ ನಾಲ್ಕು ನಿಮಿಷವನ್ನು ನಾನು ಅವರ ಎದುರಿಗೇ ಅಳಿಸಿದ್ದೇನೆ. ಸಭೆಯ ಒಪ್ಪಿಗೆ ಪಡೆಯಲಿಲ್ಲ. ಅದಕ್ಕೆ ಯಾವ ಕ್ರಮ ತೆಗೆದುಕೊಳ್ಳುತ್ತೀರೋ ತೆಗೆದುಕೊಳ್ಳಿ. ಅಳಿಸಿದ ಮೇಲೆ ಅವರು ಇನ್ನೊಂದು ಸಲ ಬಾ ಅಂದರು, ಡಬ್ಬಿ ಕಟ್ಟುವ ಲೆಕ್ಕದ ಪುಸ್ತಕ ಇನ್ನೂ ಇದೆಯಂತೆ, ಯಾವ ಹುಡುಗ ಎಷ್ಟು ಬಾಕಿ ಇಟ್ಟ ಎಂಬುದೂ ಅದರಲ್ಲಿದೆಯಂತೆ. ಬರುವ ಭಾನುವಾರ ಮಧ್ಯಾಹ್ನ ಎರಡಕ್ಕೆ ಹೋಗುತ್ತಿದ್ದೇನೆ. ನಮ್ಮ ತಾಯಿಯೂ ಬರುತ್ತಾರೆ. ಯಾರ ಹತ್ತಿರವಾದರೂ ಕಾಲರ್ ಮೈಕು ಇದ್ದರೆ ಶನಿವಾರದೊಳಗೆ ತಿಳಿಸಿ, ಸೋಮವಾರ ವಾಪಸ್ ಕೊಡುತ್ತೇನೆ.